ಗೆಣ್ಣು ಉಳಿಸಿದ ನೆಲ

ಬಿದಿರಿನ ಅಂಗಡಿಯ ಬಾಗಿಲಲ್ಲೇ ತೆರ್ಯೋ ಚಪ್ಪಲಿ ಬಿಟ್ಟ. ಊರೆಲ್ಲ ಮನೋಂಗ್, ಅಂದರೆ ಅಣ್ಣ, ಎಂದು ಕರೆಯುವ ಅಂಗಡಿಯ ಫಿದೆನ್ಸ್ಯೋಗೆ ನಗು ಬಂತು.

"ಇದೇನು ನಿನ್ನ ಅತ್ತೆ ಮನೇನಾ? ಹಾಕ್ಕೊಳ್ಳೋ, ಸಿಬಿರು ಚುಚ್ಚುತ್ತೆ."

"ಅತ್ತೆ ಅನ್ನೋರು ಸಿಗ್ಲಿ ಅಂತಲೇ ಬಂದಿರೋದು ಮನೋಂಗ್. ಹೊಸ ಮನೆ ನೆಲಕ್ಕೆ ದಬ್ಬೆ ಬೇಕು. ಕೈಯಲ್ಲಿ ಮುಟ್ಟಿ ನೋಡಿದ್ರೆ ಸಾಲದು, ಕಾಲಲ್ಲಿ ನೋಡ್ಬೇಕು."

ಚಿಕ್ಕಂದಿನಲ್ಲಿ ದಡಾರ ಬಂದು ತೆರ್ಯೋನ ಎರಡೂ ಕಣ್ಣು ಹೋದವು. ಈಗ ಅವನು ಮೀನು ಮಾರುಕಟ್ಟೆಯ ಪಕ್ಕ ಮಾಲೀಸು ಮಾಡುತ್ತಾನೆ. ಮನಿಲಾದಿಂದ ದೂರದ ಆಂತಿಕೆ ಪ್ರಾಂತ್ಯದ ಈ ಕರಾವಳಿಯಲ್ಲಿ ಬಲೆ ಎಳೆದು ಬೆನ್ನು ಹಿಡಿದುಕೊಂಡವರೆಲ್ಲ ಒಮ್ಮೆಯಾದರೂ ಅವನ ಹೆಬ್ಬೆರಳಿನ ಕೆಳಗೆ "ಅಯ್ಯಮ್ಮಾ" ಎಂದವರೇ. ದೋಣಿಕಟ್ಟೆಯಲ್ಲಿ ಬಾಳೆಕಾಯಿ ಕರಿದು ಮಾರುವ ಸಲೂದಳಿಗೂ ಅವನಿಗೂ ಮನಸ್ಸು ಕೂಡಿದ್ದು ಊರಿಗೆಲ್ಲ ಗೊತ್ತಿತ್ತು. ಒಪ್ಪದವಳು ಒಬ್ಬಳೇ, ಸಲೂದಳ ತಾಯಿ ತೀವಾ.

ಹಿರಿಯರನ್ನು ಮುಂದಿಟ್ಟುಕೊಂಡು ಹೆಣ್ಣು ಕೇಳಲು ಹೋದ ದಿನ ತೀವಾ ಎಲ್ಲರಿಗೂ ಶುಂಠಿ ಕಷಾಯ ಕೊಟ್ಟಳು, ಮಗಳನ್ನು ಮಾತ್ರ ಕೊಡಲಿಲ್ಲ.

"ನೀನು ಒಳ್ಳೇವ್ನೇ ಕಣೋ. ನನ್ನ ಮೊಣಕಾಲು ನೆಟ್ಟಗಾಗಿದ್ದೇ ನಿನ್ನ ಕೈಯಿಂದ. ಆದ್ರೆ ನೀನು ಒಲೆ ಹತ್ರ ಹೋದಾಗೆಲ್ಲ ನನ್ನ ಮಗಳು ಎದ್ದು ಓಡಿ ಬರ್ಬೇಕಾ? ಅವಳು ಮಾಡ್ಕೊಳ್ತಿರೋದು ಗಂಡನ್ನೋ, ಮಗೂನೋ?"

ಕಣ್ಣಿದ್ದವರು ಯಾರೂ ಇದುವರೆಗೆ ಕೈ ಸುಟ್ಟುಕೊಂಡೇ ಇಲ್ಲ ನೋಡಿ! ಆದರೆ ತೀವಾ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಕೊನೆಗೆ ಒಂದು ಮಾತಿಗೆ ಬಂದಳು. ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಅಕ್ಕಿ, ಉಪ್ಪು ಹೋಗಬೇಕಲ್ಲ, ಅದನ್ನು ತಾನೇ ತರುತ್ತಾಳೆ. ಮನೆ ನೋಡುತ್ತಾಳೆ. ಮಗಳು ನೆಮ್ಮದಿಯಾಗಿ ಬದುಕಬಹುದು ಎನಿಸಿದರೆ ಅಕ್ಕಿ ಉಪ್ಪಿನ ತಟ್ಟೆಯನ್ನು ಒಲೆಯ ಪಕ್ಕ ಇಡುತ್ತಾಳೆ. ಎನಿಸದಿದ್ದರೆ ಅಕ್ಕಿ, ಉಪ್ಪು, ಮಗಳು ಮೂರನ್ನೂ ವಾಪಸು ಕರೆದುಕೊಂಡು ಹೋಗುತ್ತಾಳೆ.

ಹಾಗಾಗಿ ತೆರ್ಯೋಗೆ ನೆಲದ್ದೇ ಚಿಂತೆ. ಫಿದೆನ್ಸ್ಯೋ ಅಂಗಳದಲ್ಲಿ ಮೊದಲು ಹಾಸಿದ್ದು ಮಿಷನ್ನಿನಲ್ಲಿ ನುಣುಪು ಮಾಡಿ ವಾರ್ನಿಷ್ ಬಳಿದ ದಬ್ಬೆ.

"ಮನಿಲಾದೋರು ರೆಸಾರ್ಟಿಗೆ ಒಯ್ಯೋ ಮಾಲು ಇದು. ಕನ್ನಡಿ ಇದ್ದಂಗಿದೆ."

"ನನಗೆ ಕನ್ನಡಿ ತಗೊಂಡು ಏನಾಗ್ಬೇಕು ಮನೋಂಗ್?" ತೆರ್ಯೋ ಆ ತುದಿಯಿಂದ ಈ ತುದಿಗೆ ನಡೆದ. "ಎಲ್ಲಿ ಕಾಲಿಟ್ರೂ ಒಂದೇ ಥರ. ಮುನಿಸ್ಕೊಂಡ ಹೆಂಡ್ತಿ ಇದ್ದಂಗೆ, ಎಲ್ಲಿದೀನಿ ಅಂತ ಕೇಳಿದ್ರೂ ಬಾಯಿ ಬಿಡಲ್ಲ."

ಒಳಮೈ ಮೇಲೆ ಮಾಡಿ ಹಾಸಿದ್ದರಲ್ಲಿ ನಾರು ಎದ್ದು ಕಾಲು ತುರಿಸಿತು. ಮೂರನೆಯದು ಸಮುದ್ರದ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಮಚ್ಚಿನಲ್ಲೇ ಸೀಳಿದ ದಬ್ಬೆ. ಗೆಣ್ಣಿನ ಚೂಪು ಹೋಗಿತ್ತು, ಉಬ್ಬು ಉಳಿದಿತ್ತು. ತೆರ್ಯೋನ ಪಾದ ಒಂದು ಗೆಣ್ಣಿನ ಮೇಲೆ ನಿಂತಿತು, ಇನ್ನೊಂದನ್ನು ಹುಡುಕಿತು, ಸಿಕ್ಕಿತು.

"ಇದು ಮಾತಾಡುತ್ತೆ. ಇದೇ ಇರ್ಲಿ."

"ಗುಡ್ಡಗುಡ್ಡ ಇದೆಯಲ್ಲೋ! ಫಿದೆನ್ಸ್ಯೋ ಅರ್ಧ ಕೆಲಸ ಮಾಡಿ ಓಡ್ಹೋದ ಅಂತಾರೆ ನೋಡಿದೋರು."

"ನೋಡೋರು ನೋಡ್ಲಿ. ನಡೆಯೋನು ನಾನು."

ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮನೆಗೆ ನೆಲ ಹಾಸುವಾಗ ಫಿದೆನ್ಸ್ಯೋ ಅವನು ಹೇಳಿದಂತೆಯೇ ಗೆಣ್ಣುಗಳನ್ನು ಬಾಗಿಲಿನಿಂದ ನೀರಿನ ಹಂಡೆಯವರೆಗೆ, ಹಂಡೆಯಿಂದ ಒಲೆಯವರೆಗೆ ಸಾಲು ಸೇರಿಸಿದ. ಆದರೆ ಒಲೆಯ ಮುಂದೆ ಮೊಳದಷ್ಟು ಜಾಗದಲ್ಲಿ ದಬ್ಬೆಯನ್ನು ಅಡ್ಡ ಹಾಕು ಎಂದು ತೆರ್ಯೋ ಹೇಳಿದಾಗ ಮಾತ್ರ ಮಚ್ಚು ಕೆಳಗಿಟ್ಟ.

"ಅದೊಂದು ಆಗಲ್ಲ. ಒಂದು ಮನೆ ನೆಲ ಅಂದ್ರೆ ದಬ್ಬೆಯೆಲ್ಲ ಒಂದೇ ದಿಕ್ಕು. ಅಡ್ಡ ಹಾಕಿದ ಮನೇಲಿ ಗಂಡ ಹೆಂಡ್ತಿ ಅಡ್ಡಡ್ಡ ಹೋಗ್ತಾರೆ ಅಂತ ನಮ್ಮ ಲೋಲೋ, ನಮ್ಮಜ್ಜ, ಹೇಳ್ತಿದ್ರು. ಆ ಮುದುಕಿ ಕಣ್ಣಿಗೆ ಬಿದ್ರೆ ನಿನ್ನ ಮದುವೆ ಅಲ್ಲಿಗೇ ಮುಗೀತು."

ಊಟ ತಂದಿದ್ದ ಸಲೂದ್ ಏಣಿಯ ಮೇಲಿಂದಲೇ ಹೇಳಿದಳು, "ಹಾಕಿ ಮನೋಂಗ್. ಅಡ್ಡಡ್ಡ ಹೋದ್ರೆ ಒಲೆ ಹತ್ರ ಎದುರಾಗ್ತೀವಿ ಬಿಡಿ."

ಮನೆ ಒಕ್ಕಲಿನ ದಿನ ಕೆಳಗೆ ನೆರೆಯವರು ಕೋಳಿ ಸಾರು ಕುದಿಸುತ್ತಿದ್ದರು. ತೀವಾ ಅಕ್ಕಿ ಉಪ್ಪಿನ ತಟ್ಟೆ ಹಿಡಿದು ಬರಿಗಾಲಲ್ಲಿ ಮೇಲೆ ಬಂದಳು. ಅವಳು ಒಲೆಯ ಕಡೆ ನಡೆದದ್ದು, ಅಲ್ಲೇ ನಿಂತದ್ದು ತೆರ್ಯೋಗೆ ಕೇಳಿಸಿತು.

"ಇದು ಯಾರ ತಲೇಲಿ ಹುಟ್ಟಿದ ಯೋಚನೆ?"

"ನಂದೇ, ನಾನಾಯ್."

"ನಾನಾಯ್ ಅನ್ಬೇಡ, ನಿನಗಿನ್ನೂ ಅಮ್ಮ ಆಗಿಲ್ಲ ನಾನು. ಒಲೆ ಮುಂದೇನೇ ಅಡ್ಡ ದಬ್ಬೆ ಹಾಕಿಸಿದೀಯಲ್ಲೋ! ಒಡೆದು ಹೋಗೋ ಸಂಸಾರಕ್ಕೆ ನಾನು ಉಪ್ಪು ತಂದು ಇಡ್ಬೇಕಾ?"

ಅವಳ ಹೆಜ್ಜೆ ಬಾಗಿಲ ಕಡೆ ತಿರುಗಿತು. ಸಲೂದ್ ಅಡ್ಡ ಬಂದಳು.

"ಅಮ್ಮಾ, ಹೋಗೋದಾದ್ರೆ ಹೋಗು. ಅದಕ್ಕೆ ಮುಂಚೆ ಕಣ್ಣು ಮುಚ್ಚಿ ಒಂದ್ಸಲ ಒಲೆವರೆಗೆ ನಡಿ."

"ನನ್ನನ್ನೇ ಸುಟ್ಟು ಅಡುಗೆ ಮಾಡ್ಬೇಕು ಅಂತಿದೀಯೇನೇ?"

"ಹೆದರ್ಕೆ ಆದ್ರೆ ಬೇಡ ಬಿಡು."

ತೀವಾಳಿಗೆ ಹೆದರುಪುಕ್ಕಲಿ ಎಂದು ಯಾರಾದರೂ ಹೇಳಿ ದಕ್ಕಿಸಿಕೊಂಡದ್ದುಂಟೇ? ಅವಳು ಕಣ್ಣು ಮುಚ್ಚಿದಳು. ದಿಕ್ಕು ತಪ್ಪಲಿ ಎಂದು ತಾನಾಗಿಯೇ ಒಂದು ಸುತ್ತು ತಿರುಗಿದಳು. ಆಮೇಲೆ ಹೊರಟಳು. ಮೊದಲು ಗೋಡೆಗೆ ಡಿಕ್ಕಿ ಹೊಡೆದು ಬಾಯಿಗೆ ಬಂದಂತೆ ಬೈದಳು. ಬಳಿಕ ಅವಳ ಹಿಮ್ಮಡಿಗೆ ಒಂದು ಗೆಣ್ಣು ಸಿಕ್ಕಿತು, ಅದರ ಮುಂದೆ ಇನ್ನೊಂದು. ಹೆಜ್ಜೆ ನಿಧಾನವಾಯಿತು. ಹಂಡೆ ದಾಟಿತು. ಒಲೆಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು. ತೆರ್ಯೋ ತಡೆಯಲಾರದೆ ಹಿಡಿದುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಹೆಜ್ಜೆ ಗಕ್ಕನೆ ನಿಂತಿತು. ಪಾದವೊಂದು ಅಡ್ಡ ದಬ್ಬೆಯನ್ನು ಸವರಿತು, ಮತ್ತೊಮ್ಮೆ ಸವರಿತು.

ತೀವಾ ಕಣ್ಣು ಬಿಟ್ಟಳು. ಒಲೆ ಕೈಗೆಟುಕುವಷ್ಟು ದೂರದಲ್ಲಿತ್ತು, ಅವಳ ಹಳೇ ಲಂಗದ ಅಂಚಿಗೂ ಬೆಂಕಿ ತಾಗುವಂತಿರಲಿಲ್ಲ. ಒಲೆಯ ಪಕ್ಕ ತಟ್ಟೆ ಇಟ್ಟ ಸದ್ದಷ್ಟೇ ಕೇಳಿಸಿತು. ಸಲೂದ್ ಬಂದು ತೆರ್ಯೋನ ತೋಳು ಹಿಡಿದುಕೊಂಡಳು. ಅವನಿಗೆ ಅಳು, ನಗು ಎರಡೂ ಬಂದವು.

ತೀವಾ ಅಲ್ಲಿಗೆ ಬಿಡಲಿಲ್ಲ. ಮನೆಯ ಮೂಲೆಮೂಲೆಗೂ ಹೋಗಿ ಹಿಮ್ಮಡಿಯಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ಕಿಟಕಿಯಿಂದ ಕೂಗಿದಳು.

"ಫಿದೆನ್ಸ್ಯೋ! ಮಚ್ಚು ತಗೊಂಡು ಮೇಲೆ ಬಾ!"

ಬಾಯಲ್ಲಿದ್ದ ಅನ್ನ ನುಂಗುತ್ತಾ ಫಿದೆನ್ಸ್ಯೋ ಏಣಿ ಹತ್ತಿದ. ಅಡ್ಡ ದಬ್ಬೆ ಕೀಳಿಸುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ತೀವಾ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದಳು.

"ಇಲ್ಲಿಯ ಗೆಣ್ಣೆಲ್ಲ ಕೆತ್ತಿ ನುಣ್ಣಗೆ ಮಾಡು."

"ಯಾಕಕ್ಕಾ? ಅವನಿಗೆ ಗೆಣ್ಣೇ ಬೇಕಂತಲ್ಲ."

"ಅವನಿಗೆ ಬೇಕು. ಅಂಬೆಗಾಲಿಡೋ ಮಗೂಗೆ ಬೇಕಾ? ಮಂಡಿಯೆಲ್ಲ ತರಚಿ ಹೋಗಲ್ವಾ? ಇಷ್ಟು ದಿನ ನೆಲ ಹಾಸಿದ್ರಲ್ಲ, ಇಬ್ಬರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

ಸಲೂದ್ ಮುಖ ಮುಚ್ಚಿಕೊಂಡಳು. ತೆರ್ಯೋ ಆ ಮೂಲೆಗೆ ಬಂದು ಮಂಡಿಯೂರಿದ. ದಬ್ಬೆಯ ಮೇಲೆ ಅಂಗೈ ಆಡಿಸಿದ.

"ಎಷ್ಟಗಲ ಬೇಕು?" ಎಂದ.

"ಎರಡು ಮಕ್ಕಳು ಹರಿದಾಡೋವಷ್ಟು," ಅಂದಳು ತೀವಾ.