ಸಾರಿಗೆ ಬಿದ್ದ ಪಾರ್ಸ್ಲಿ

"ಏನಜ್ಜಿ ಇದು, ಕೊತ್ತಂಬರಿಗೆ ಘಮಾನೇ ಇಲ್ವಲ್ಲ!"

ವಿಜಯನಗರದ ಮಾರುಕಟ್ಟೆಯಲ್ಲಿ, ಉಳಿದ ಅರ್ಧ ಕಟ್ಟನ್ನು ಎತ್ತಿಹಿಡಿದು ಸೊಪ್ಪಿನಜ್ಜಿಯ ಮುಂದೆ ಜಗಳಕ್ಕೇ ನಿಂತೆ. ಹಿಂದಿನ ದಿನ ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದರು. ನನ್ನ ಸಾರು ಹುಲ್ಲು ಕುದಿಸಿದಂತೆ ನಾರಿತ್ತು.

"ಅದು ಪಾರ್ಸ್ಲಿ ಕಣಮ್ಮ. ಹೋಟ್ಲೋರು ಹೇಳಿ ತರಿಸ್ಕೊಂಡು ತಗೊಳ್ಲೇ ಇಲ್ಲ. ಕೊತ್ತಂಬ್ರಿ ಥರಾನೇ ಇದೆಯಲ್ಲ ಅಂತ ಕೊಟ್ಟೆ," ಎಂದಳು ಅಜ್ಜಿ, ಕೊಂಚವೂ ಅಳುಕಿಲ್ಲದೆ.

ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಬೀನ್ಸ್ ಆರಿಸುತ್ತಿದ್ದ ಹಿರಿಯರೊಬ್ಬರು ಆ ಹೆಸರು ಗ್ರೀಕ್ ಮೂಲದ್ದೆಂದೂ, ಬಂಡೆಯ ಮೇಲೆ ಬೆಳೆಯುವ ಸೆಲರಿ ಸೊಪ್ಪು ಎಂದು ಅದರರ್ಥವೆಂದೂ ಸಾವಕಾಶವಾಗಿ ವಿವರಿಸತೊಡಗಿದರು. ಅಜ್ಜಿ ತೂಕ ಬಿಟ್ಟು ಬೆರಗಾಗಿ ಕೇಳಿದಳು. ನನ್ನ ದೂರು ಯಾರಿಗೂ ಬೇಕಿರಲಿಲ್ಲ.

ಹೆಸರಿನ ಮೂಲ ತಿಳಿದದ್ದೇನೋ ಸಂತೋಷವೇ. ಆದರೆ ಬೀಗಿತ್ತಿ ಒಂದೇ ತುತ್ತಿಗೆ ಬದಿಗೆ ಸರಿಸಿದ ಆ ಸಾರನ್ನ ನೆನಪಾದರೆ ಈಗಲೂ ಮೈ ಉರಿಯುತ್ತದೆ.