ರೋಲರ್ ಮೇಲೆ ಬಂದ ಹೊಲಿಗೆ ಮೆಷಿನ್

ಮೊನ್ನೆ ಭಾನುವಾರ ಮನೆಯ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಬಹಳ ದಿನ ಮುಚ್ಚಿಟ್ಟಿದ್ದರಿಂದ ಚಕ್ರ ಬಿಗಿದುಕೊಂಡಿತ್ತು. ಎಣ್ಣೆ ಒಳಗಿಳಿದು ಚಕ್ರ ಮೆಲ್ಲಗೆ ತಿರುಗತೊಡಗಿದಾಗ ಆ ವಾಸನೆ ಬಂತು... ಕಬ್ಬಿಣದ ಜೊತೆ ಬೆರೆತ, ಸ್ವಲ್ಪ ಬೆಚ್ಚಗಿನ ವಾಸನೆ. ಕೈ ಅಲ್ಲೇ ನಿಂತಿತು. ವಿಜಯನಗರದ ನಮ್ಮ ರಸ್ತೆಯ ಅಂಚು, ತಗಡಿನ ಶೆಡ್ಡು, ಅದರೊಳಗೆ ತಲೆ ಬಗ್ಗಿಸಿ ಕೂತ ಟೈಲರ್ ಅಕ್ಕ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

ತೊಂಬತ್ತರ ದಶಕದ ನಡುಭಾಗ ಅದು. ವಿಜಯನಗರ ಇನ್ನೂ ಪೂರ್ತಿ ಊರಾಗಿರಲಿಲ್ಲ. ಒಂದು ಮನೆ, ಆಮೇಲೆ ಸಾಲಾಗಿ ಖಾಲಿ ಸೈಟು, ಮತ್ತೊಂದು ಮನೆ. ಸೈಟುಗಳ ತುಂಬ ಎಕ್ಕದ ಗಿಡ, ತುಂಬೆ ಹೂವು. ಸಂಜೆ ತಾರಸಿಯ ಮೇಲೆ ನಿಂತರೆ ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಗಳು ಯಾವ ಅಡ್ಡಿಯೂ ಇಲ್ಲದೆ ಕಾಣುತ್ತಿದ್ದವು. ರಸ್ತೆ ಅಂತ ಇದ್ದದ್ದು ಬರೀ ಕೆಂಪು ಮಣ್ಣಿನ ದಾರಿ. ಒಂದು ಬಸ್ಸು ಹೋದರೆ ಧೂಳು ಎಷ್ಟೋ ಹೊತ್ತು ಬಿಸಿಲಿನಲ್ಲಿ ತೇಲುತ್ತಾ ಇದ್ದು, ಆಮೇಲೆ ಮನಸ್ಸಿಲ್ಲದ ಹಾಗೆ ಕೆಳಗಿಳಿಯುತ್ತಿತ್ತು.

ಆ ದಾರಿಯ ಪಕ್ಕ, ಹೊಂಗೆಮರದ ಕೆಳಗೆ ಅಕ್ಕನ ಶೆಡ್ಡು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು, ನಮ್ಮ ಹಿಂದಿನ ಬೀದಿಯಲ್ಲಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು. ಅಣ್ಣ ಕೆಟ್ಟವರಲ್ಲ. ಮೆಷಿನ್ ಕೊಡಿಸಿದವರೂ ಶೆಡ್ಡು ಹಾಕಿಸಿದವರೂ ಅವರೇ. ಆದರೆ ತಂಗಿಯ ಬದುಕು ಇನ್ನು ಇಷ್ಟೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅಕ್ಕನೂ ಹಾಗೇ ಅಂದುಕೊಂಡಿದ್ದರೇನೋ... ಬೆಳಿಗ್ಗೆ ಶೆಡ್ಡಿಗೆ, ಸಂಜೆ ಮನೆಗೆ. ಯಾದವಗಿರಿಯ ಬಂಗಲೆಗಳಿಂದಲೂ ಹೆಂಗಸರು ರವಿಕೆ ಹೊಲಿಸಲು ಬರುತ್ತಿದ್ದರು. ಅವರ ರೇಷ್ಮೆ ಬಟ್ಟೆಗಳನ್ನು ಮಡಿಲಲ್ಲಿ ಹರಡಿಕೊಂಡು ಕೂತ ಅಕ್ಕ ಸದಾ ಬೂದು ಬಣ್ಣದ ವಾಯಿಲ್ ಸೀರೆಯಲ್ಲೇ ಇರುತ್ತಿದ್ದರು. ನಾನು ಪಿಯುಸಿ ಪರೀಕ್ಷೆ ಮುಗಿಸಿ, ಹೊಲಿಗೆ ಕಲಿಯುವ ನೆಪದಲ್ಲಿ ದಿನವೆಲ್ಲ ಅವರ ಹತ್ತಿರವೇ ಇರುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಮಣ್ಣಿನ ದಾರಿ ಡಬಲ್ ರೋಡ್ ಆಗುತ್ತದೆ ಎಂಬ ಸುದ್ದಿ ಬಂತು. ಸುದ್ದಿಯ ಹಿಂದೆಯೇ ಜಲ್ಲಿಯ ಲಾರಿಗಳು ಬಂದವು, ಟಾರಿನ ಡ್ರಮ್ಮುಗಳು ಬಂದವು, ಕೊನೆಗೆ ಹಳದಿ ಬಣ್ಣದ ದೊಡ್ಡ ರೋಲರ್ ಬಂತು. ಅದರ ಡ್ರೈವರ್ ಹಾಸನದ ಕಡೆಯವರು. ನಲವತ್ತರ ಆಸುಪಾಸು, ಮಾತು ಕಡಿಮೆ. ರಸ್ತೆ ಎಲ್ಲಿಯೋ ಅವರ ವಾಸವೂ ಅಲ್ಲೇ. ಮದುವೆಯಾಗಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವರು ರೋಲರನ್ನು ಹೊಂಗೆಮರದ ನೆರಳಿಗೆ ತಂದು ನಿಲ್ಲಿಸುತ್ತಿದ್ದರು. ಮೊದಲ ದಿನ ಶೆಡ್ಡಿನ ಹೊರಗೇ ನಿಂತು, "ಟೈಲರಮ್ಮನೋರೇ, ಒಂದ್ ಚೂರು ನೀರು ಸಿಗುತ್ತಾ?" ಅಂದರು. ಕುಡಿದು, ಚೊಂಬು ತೊಳೆದು ಬೋರಲು ಹಾಕಿ ಹೋದರು. ಆಮೇಲೊಂದು ದಿನ ಅಂಗಿಯ ಗುಂಡಿ ಹಾಕಿಸಿಕೊಂಡರು. ಆಮೇಲೆ ಜೇಬು ಹರಿಯಿತು. ಸ್ವಲ್ಪ ದಿನಕ್ಕೆ ಅದೇ ಜೇಬು ಮತ್ತೆ ಹರಿಯಿತು. ಅಕ್ಕ ಹಾಕಿದ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಅವರು ಆ ಅಂಗಿಯನ್ನು ತಿರುವಿ ಮುರುವಿ ನೋಡಿ, ತುಟಿಯಂಚಿನಲ್ಲಿ ನಕ್ಕು ಸೂಜಿಗೆ ದಾರ ಪೋಣಿಸಿದರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ರಸ್ತೆಯ ಕೆಲಸ ನಮ್ಮ ಕಡೆಗೆ ಸರಿಯುತ್ತಾ ಬಂದಂತೆ, ಶೆಡ್ಡು ರಸ್ತೆಯ ಜಾಗದಲ್ಲಿದೆ, ತೆಗೆಯಬೇಕು ಎಂದು ಮೇಸ್ತ್ರಿ ಬಂದು ಹೇಳಿದರು. ಜಾಗ ತನ್ನದಲ್ಲವೆಂದು ಅಕ್ಕನಿಗೂ ಗೊತ್ತಿತ್ತು. ಎದುರಾಡಲಿಲ್ಲ. ತಗಡುಗಳನ್ನು ಕೆಲಸದವರೇ ಬಿಚ್ಚಿಕೊಟ್ಟರು. ಕಬ್ಬಿಣದ ಕಾಲಿನ ಆ ಭಾರದ ಮೆಷಿನ್ ಸಾಗಿಸಲು ಗಾಡಿ ಸಿಗಲಿಲ್ಲ. ಡ್ರೈವರ್ ಅದನ್ನು ಇಬ್ಬರ ಕೈಲಿ ಎತ್ತಿಸಿ, ರೋಲರಿನಲ್ಲಿ ತಮ್ಮ ಸೀಟಿನ ಹಿಂದೆ ಇಟ್ಟು ಹಗ್ಗ ಬಿಗಿದರು.

ಆ ಮಧ್ಯಾಹ್ನ ನನಗೆ ಈಗಲೂ ನಿಜವೋ ಕನಸೋ ಅನ್ನಿಸುತ್ತದೆ. ರೋಲರ್ ಮನುಷ್ಯರ ನಡಿಗೆಗಿಂತ ನಿಧಾನ. ಮೇಲೆ ಮೆಷಿನ್ ಅಲುಗಾಡುತ್ತಾ ಹೋಗುತ್ತಿದೆ, ಪಕ್ಕದಲ್ಲಿ ಅಕ್ಕ ಬಟ್ಟೆಗಂಟು ಹಿಡಿದು ನಡೆಯುತ್ತಿದ್ದಾರೆ, ಹಿಂದೆ ನಾನು. ಮನೆಮನೆಯ ಗೇಟಿನಲ್ಲಿ ಜನ. ಮೆರವಣಿಗೆ ನೋಡುವವರ ಹಾಗೆ ನಿಂತಿದ್ದರು.

ಅಣ್ಣ ತಮ್ಮ ಮನೆಯ ಗೇಟಿನಲ್ಲೇ ಇದ್ದರು. ಬೀದಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಗದರಲಿಲ್ಲ, ಮೆಲ್ಲಗೇ ಹೇಳಿದರು: "ಹೊಲಿದಿದ್ದು ಸಾಕು ಕಣಮ್ಮ. ಮೆಷಿನ್ ಯಾರಿಗಾದ್ರೂ ಕೊಟ್ಬುಡೋಣ. ಇನ್ಮೇಲೆ ಮನೇಲೇ ಇರು."

ಅಕ್ಕ ನಿಂತಲ್ಲೇ ನಿಂತರು. ಆಮೇಲೆ ಡ್ರೈವರ್ ಕಡೆ ತಿರುಗಿ, "ಇಳಿಸಬೇಡಿ" ಅಂದರು. ಅಷ್ಟೇ. ಎಲ್ಲಿಗೆ ಹೋಗಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಗುಂಪಿನಲ್ಲಿದ್ದ ನಮ್ಮಮ್ಮ ಮುಂದೆ ಬಂದು, "ನಮ್ಮ ವರಾಂಡ ಖಾಲಿ ಇದೆಯಲ್ಲ, ಅಲ್ಲಿಟ್ಕೊ ಬಾಮ್ಮ" ಅಂದರು. ಆ ಇಕ್ಕಟ್ಟಿನ ಬೀದಿಯಲ್ಲಿ ರೋಲರ್ ಹಿಂದೆ ಮುಂದೆ ಸರಿದು ತಿರುಗಿಕೊಳ್ಳಲು ಎಷ್ಟೋ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡದೆ ಎದುರುಬದುರು ನಿಂತಿದ್ದರು.

ಅಕ್ಕ ಮಲಗಲು ಅಣ್ಣನ ಮನೆಗೇ ಹೋಗುತ್ತಿದ್ದರು, ಹಗಲೆಲ್ಲ ನಮ್ಮ ವರಾಂಡದಲ್ಲಿ ಹೊಲಿಯುತ್ತಿದ್ದರು. ಮಳೆ ಬಂತು, ಕೆಲಸ ನಿಂತಿತು, ಮತ್ತೆ ಶುರುವಾಯಿತು. ಟಾರು ಹಾಕಿದ ಮೇಲೆ ರಸ್ತೆ ಕಪ್ಪಗೆ ಮಿರಮಿರನೆ ಹೊಳೆಯಿತು. ಕೆಲಸ ಮುಗಿದ ಮರುದಿನ ಡ್ರೈವರ್ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ಅಮ್ಮ ಅಣ್ಣನನ್ನೂ ಕರೆಸಿದರು.

"ಟೈಲರಮ್ಮನೋರು ಒಪ್ಪಿದ್ರೆ ಮದ್ವೆ ಆಗ್ತೀನಿ ಸ್ವಾಮಿ. ಒಪ್ಪದಿದ್ರೆ ನಾಳೆ ಹೊರಡ್ತೀನಿ, ಬೇಜಾರಿಲ್ಲ," ಅಂದರು. ಬೇಜಾರಿಲ್ಲ ಅನ್ನುವಾಗ ಅವರ ದನಿ ಸಣ್ಣಗಾಯಿತು.

ಅಣ್ಣ ತಂಗಿಯನ್ನು ನೋಡಿದರು. "ಇವರಿಗೆ ಒಂದು ಊರಿಲ್ಲ, ಸೂರಿಲ್ಲ. ಜೀವನಪೂರ್ತಿ ಅಲೀತೀಯಾ?"

"ಇಷ್ಟು ವರ್ಷ ಒಂದೇ ಕಡೆ ಕೂತಿದ್ದೀನಲ್ಲ ಅಣ್ಣ," ಅಂದರು ಅಕ್ಕ. "ಇನ್ನು ಸ್ವಲ್ಪ ಅಲೀತೀನಿ ಬುಡು."

ಮದುವೆ ಬೆಟ್ಟದ ಮೇಲೆ ನಡೆಯಿತು. ನಾವು ಸಿಟಿ ಬಸ್ಸಿನಲ್ಲಿ ಹೋದೆವು. ಅಕ್ಕ ಹಸಿರು ಸೀರೆ ಉಟ್ಟು, ತಾವೇ ಹೊಲಿದುಕೊಂಡ ರೇಷ್ಮೆ ರವಿಕೆ ತೊಟ್ಟಿದ್ದರು. ಅಣ್ಣ ಬರುವುದಿಲ್ಲ ಅಂದಿದ್ದರು. ತಾಳಿ ಕಟ್ಟುವ ಹೊತ್ತಿಗೆ ನೋಡಿದರೆ, ಹೂವಿನ ಅಂಗಡಿಗಳ ಕಡೆಯಿಂದ ಎರಡು ಹಾರ ಹಿಡಿದು ಬರುತ್ತಿದ್ದರು. ಬಂದವರೇ ಒಂದನ್ನು ತಂಗಿಯ ಕೈಗೆ, ಇನ್ನೊಂದನ್ನು ಡ್ರೈವರ್ ಕೈಗೆ ಕೊಟ್ಟರು. ಆ ವಾರವೇ ಮೆಷಿನ್ ಲಾರಿ ಹತ್ತಿತು.

ಮತ್ತೆ ನಾನು ಅಕ್ಕನನ್ನು ನೋಡಿದ್ದು ಎರಡು ಸಾವಿರದ ಇಸವಿಯ ನಂತರ, ರಿಂಗ್ ರೋಡಿನ ಕೆಲಸ ನಡೆಯುತ್ತಿದ್ದಾಗ. ನನಗೆ ಮದುವೆಯಾಗಿ, ಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ರಸ್ತೆ ಪಕ್ಕದ ಟಾರ್ಪಾಲಿನ ಗುಡಾರದಲ್ಲಿ ಅಕ್ಕ ಕೂಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ಕೂದಲು ನೆರೆತಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಸಮುದ್ರ ನೋಡ್ದೆ ಕಣೇ. ಕಾರವಾರದಲ್ಲಿ ನೀರಿನ ಪಕ್ಕಾನೇ ರಸ್ತೆ. ಗಾಳಿಗೆ ಬಟ್ಟೆ ನಿಲ್ತಾನೇ ಇರಲಿಲ್ಲ, ಮೊಣಕೈಲಿ ಒತ್ತಿಕೊಂಡು ಹೊಲೀತಿದ್ದೆ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ಎಲ್ಲೋ ದೂರ ಹೋಯಿತು. ಹೊರಗೆ ರೋಲರ್ ನಿಧಾನವಾಗಿ ಹೋಗಿ, ನಿಧಾನವಾಗಿ ಬರುತ್ತಿತ್ತು...

ಅದಾಗಿ ಕೆಲವು ವರ್ಷಕ್ಕೆ, ನಾನು ಅಮ್ಮನ ಮನೆಯಲ್ಲಿದ್ದಾಗ, ಡ್ರೈವರ್ ಒಬ್ಬರೇ ಬಂದರು. ಅಕ್ಕನಿಗೆ ಕಾಮಾಲೆಯಾಗಿ ಉಳಿಯಲಿಲ್ಲವಂತೆ. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು ಬಂದಿದ್ದರು. ಅಮ್ಮ ಕಾಫಿ ಕೊಟ್ಟರು. ಅವರು ಲೋಟ ಹಿಡಿದುಕೊಂಡೇ ಕೂತಿದ್ದರು. ಬಸ್ ಸ್ಟಾಪಿನ ತನಕ ನಾನು ಜೊತೆಗೆ ಹೋದೆ. ಶೆಡ್ಡು ಇದ್ದ ಜಾಗ ಬಂದಾಗ ಅವರು ನಿಂತರು. ಮರವೂ ಇರಲಿಲ್ಲ, ಸಿಗ್ನಲ್ ಕಂಬ ಬಂದಿತ್ತು.

"ಈ ರಸ್ತೆ ಆ ಬೇಸಿಗೇಲೇ ಮುಗೀಬೇಕಿತ್ತಮ್ಮ," ಅಂದರು. "ಮುಗಿದ್ರೆ ಹೊರಡಬೇಕಲ್ಲ ಅಂತ, ಒಂದ್ಸಲ ಹೊಡೆದ ಕಡೆ ಮೂರು ಸಲ ರೋಲರ್ ಹೊಡೀತಿದ್ದೆ. ಅವಳಿಗೂ ಹೇಳಿದ್ದೆ. ಎಷ್ಟು ನಗೋಳು ಅಂತೀರಾ..."

ಬಸ್ಸು ಬಂತು, ಹತ್ತಿದರು. ಆಮೇಲೆ ಅವರೂ ಈ ಕಡೆ ಬರಲಿಲ್ಲ.

ಈಗ ನಾನು ದಿನಾ ಸ್ಕೂಟರಿನಲ್ಲಿ ಅದೇ ರಸ್ತೆಯಲ್ಲಿ ಹೋಗುತ್ತೇನೆ. ಕೆಂಪು ದೀಪ ಬಿದ್ದಾಗ ಎಡಕ್ಕೆ ತಿರುಗಿ ಆ ಜಾಗ ನೋಡುವುದು ಅಭ್ಯಾಸವಾಗಿದೆ. ಅಕ್ಕ ಇಲ್ಲ. ಹಸಿರು ಬೀಳುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಾನೂ ಹೊರಡುತ್ತೇನೆ.