ಆ ಚೀಟಿಯನ್ನು ನಕಲು ಮಾಡಿದವನು ನಾನೇ

—ಅಥವಾ ನಿಮ್ಮ ಚೀಟಿ ಅಂಟಿಸಿದ್ದ ಆ ಕಂಬ ಕೋಗಿಲು ಕ್ರಾಸಿನದ್ದಲ್ಲವೇನೋ, ಹೆಬ್ಬಾಳದ ಬಸ್ ನಿಲ್ದಾಣದ್ದೇನೋ. ನನ್ನ ನೆನಪನ್ನು ನಂಬಬೇಡಿ, ಮಹಾದೇವಿಯವರೇ; ನಾನೂ ನಂಬುವುದಿಲ್ಲ. ಆದರೆ ಇಷ್ಟು ನಿಜ: ನಿಮ್ಮ ತಾಯಿಯ ‘ಕಾಣೆಯಾಗಿದ್ದಾರೆ’ ಚೀಟಿಯನ್ನು ಮುಂದಿಟ್ಟುಕೊಂಡು, ಸಿನಿಮಾ ಪ್ರಚಾರಕ್ಕೆ ಸುಳ್ಳು ಚೀಟಿ ಮಾಡಿದವನು ನಾನು. ಮಾದರಿ ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದು ನೀವು ಆಫೀಸಿಗೆ ಬಂದಾಗ ಹೇಳಿದೆನಲ್ಲ—ಅದೂ ಸುಳ್ಳು.

ಆಗ ನಾನು ಆರ್.ಟಿ. ನಗರದ ಒಂದು ಪ್ರಚಾರದ ಆಫೀಸಿನಲ್ಲಿದ್ದೆ. ಹೊಸ ನಾಯಕಿಯ ಸಿನಿಮಾ, ಯಾರಿಗೂ ಬೇಡದ ಸಿನಿಮಾ. ನಾಯಕಿ ಕಾಣೆಯಾಗಿದ್ದಾಳೆಂದು ಊರೆಲ್ಲ ಚೀಟಿ ಅಂಟಿಸುವುದು, ಜನ ಗಾಬರಿಯಾಗಿ ಹಂಚಿದ ಮೇಲೆ ‘ಸಿಕ್ಕಿದಳು, ಶುಕ್ರವಾರ ಚಿತ್ರಮಂದಿರದಲ್ಲಿ’ ಎನ್ನುವುದು. ಆ ಉಪಾಯ ನಮ್ಮ ಬಾಸ್ ಸತೀಶನದೆಂದು ಹತ್ತು ಕಡೆ ಹೇಳಿಕೊಂಡಿದ್ದೇನೆ. ನನ್ನದೇ.

ನಾನು ಮೊದಲು ಮಾಡಿದ್ದು ತೀರಾ ಅಚ್ಚುಕಟ್ಟಾಗಿತ್ತು. “ಇದು ಮದುವೆ ಕಾರ್ಡ್ ಥರ ಇದೆ ಮಗಾ,” ಎಂದ ಸತೀಶ. “ಕಷ್ಟದಲ್ಲಿರೋರು ಮಾಡ್ಸಿದ್ ಥರ ಕಾಣ್ಬೇಕು ಕಣೋ.”

ಹಾಗಾಗಿ ಕಷ್ಟದಲ್ಲಿರುವವರ ಚೀಟಿ ಹುಡುಕಿದೆ. ನಿಮ್ಮದು ಸಿಕ್ಕಿತು. ಓರೆಯಾದ ಫೋಟೊ, ದಪ್ಪಕ್ಷರದಲ್ಲಿ ‘ಶಂಕ್ರವ್ವ’, ಹಸಿರು ಇಳಕಲ್ ಸೀರೆ, ‘ಮರೆವು ಇದೆ, ಹೆದರಿಸಬೇಡಿ’. ಸೀರೆ ತೆಗೆದು ಚೂಡಿದಾರ್ ಮಾಡಿದೆ. ‘ಹೆದರಿಸಬೇಡಿ’ಯನ್ನು ಹಾಗೇ ಇಟ್ಟುಕೊಂಡೆ—ಚೆನ್ನಾಗಿದೆ ಅನ್ನಿಸಿತ್ತು. ಜೆರಾಕ್ಸನ್ನೇ ಮತ್ತೆ ಜೆರಾಕ್ಸ್ ಮಾಡಿಸಿ ಮುಖ ಮಸುಕಾಗಿಸಿದೆ.

ನೆನಪಿನಲ್ಲಿ ನಾನು ಆ ಕಂಬದ ಹತ್ತಿರ ಬೈಕ್ ಇಳಿಯುವುದಿಲ್ಲ. ಏನನ್ನೂ ಓದದೆ ಒಂದು ಫೋಟೊ ಹೊಡೆದು ಹೊರಟುಬಿಡುತ್ತೇನೆ. ಅನುಕೂಲದ ನೆನಪು. ಆ ಫೋಟೊ ಇನ್ನೂ ಫೋನಿನಲ್ಲಿದೆ. ಅದರ ಮೂಲೆಯಲ್ಲಿ ನನ್ನ ಹೆಬ್ಬೆರಳು—ಗಾಳಿಗೆ ಎದ್ದ ಅಂಚನ್ನು ಒತ್ತಿ ಹಿಡಿದಿದೆ. ಇಳಿದಿದ್ದೇನೆ. ಹತ್ತಿರ ಹೋಗಿದ್ದೇನೆ. ಓದಿದ್ದೇನೆ.

ಯಲಹಂಕದಿಂದ ಯಶವಂತಪುರದವರೆಗೆ ಅಂಟಿಸಿದೆವು. ಎರಡೇ ದಿನಕ್ಕೆ ಎಲ್ಲರ ಫೋನಿನಲ್ಲೂ ನಮ್ಮ ನಾಯಕಿ, ಕೆಳಗೆ ಕೈಮುಗಿದ ಚಿಹ್ನೆಗಳು. ಮೂರನೆಯ ದಿನ ಅವಳು ಕ್ಯಾಮೆರಾ ಮುಂದೆ ಬಂದು ನಕ್ಕಳು. ಜನ ಬೈದರು, ಬೈಯುತ್ತಲೇ ಹಂಚಿದರು. ಬೈಗುಳವೂ ನಮಗೆ ಪ್ರಚಾರವೇ. ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು, ಥೂ.

ಅದೇ ವಾರ ನೀವು ನಿಮ್ಮ ತಾಯಿಯ ಚೀಟಿಯನ್ನು ಫೇಸ್‌ಬುಕ್ಕಿಗೆ ಹಾಕಿದಿರಿ. ಕೆಳಗೆ ಜನ ಬರೆದರು: “ಯಾವ್ ಪಿಕ್ಚರ್ ಗುರು?” “ಈ ಸಲ ಅಜ್ಜಿನೇ ಹೀರೋಯಿನ್ನಾ ಮಚ್ಚಾ?” ಕಂಬಗಳ ಮೇಲಿದ್ದ ನಿಮ್ಮ ಚೀಟಿಗಳನ್ನು ನಮ್ಮವೆಂದುಕೊಂಡು ಯಾರೋ ಹರಿದುಹಾಕಿದರು.

ಆಮೇಲೆ ನೀವೇ ಆಫೀಸಿಗೆ ಬಂದಿರಿ. ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಇದ್ದಿರಿ, ಕೈಯಲ್ಲಿ ಎರಡೂ ಚೀಟಿ. ಬಾಗಲೂರಿನ ಟೀ ಅಂಗಡಿಯವರೊಬ್ಬರು ಹಸಿರು ಸೀರೆಯ ಅಜ್ಜಿಯೊಬ್ಬರು ಬಸ್ ಸ್ಟಾಪಿನಲ್ಲಿ ಕೂತಿದ್ದನ್ನು ನೋಡಿದ್ದರಂತೆ. ನಿಮ್ಮ ಚೀಟಿಯನ್ನೂ ನೋಡಿದ್ದರಂತೆ. “ಇದೂ ಆ ಸಿನಿಮಾದೋರ್ದೇ ಅನ್ಕಂಡೆ ಕಣಮ್ಮ,” ಅಂದರಂತೆ. ನಿಮಗೆ ಸುದ್ದಿ ತಿಳಿದು ನೀವು ಅಲ್ಲಿಗೆ ಹೋಗುವಷ್ಟರಲ್ಲಿ ಯಾರೂ ಇರಲಿಲ್ಲ.

“ನಮ್ಮವ್ವ ಸಿನಿಮಾದಾಕಿ ಅಲ್ರೀ,” ಎಂದಿರಿ. “ಇದು ಖರೇ ಚೀಟಿ ಐತಿ ಅಂತ ನಿಮ್ಮ ಪೇಜಿನ್ಯಾಗ ಒಂದ್ ಸಲ ಹಾಕ್ರಿ. ಮಂದಿ ನಿಮ್ಮ ಮಾತು ಕೇಳ್ತಾರ.”

ಅಳಲಿಲ್ಲ ನೀವು. ಅಥವಾ ಅತ್ತಿರಿ, ನಾನು ನೋಡಲಿಲ್ಲ. “ಮಾದರಿ ಇಂಟರ್ನೆಟ್ಟಲ್ಲಿ ಸಿಕ್ತು ಮೇಡಂ. ನಿಮ್ಮದು ನೋಡ್ತೀವಿ,” ಎಂದೆ. ನೀವು ಮೆಟ್ಟಿಲಿಳಿದ ಮೇಲೆ ಸತೀಶ, “ಸಿನಿಮಾ ಓಡ್ತಿರೋವಾಗ ಇದೆಲ್ಲ ಯಾಕ್ ಮಗಾ, ನೆಗೆಟಿವ್ ಆಗುತ್ತೆ,” ಎಂದ. ಅವನ ಮೇಲೆ ಸಿಟ್ಟು ಬಂತು ಎಂದು ಬರೆಯಬಹುದು. ಬರಲಿಲ್ಲ. ಸಿಟ್ಟು ಬಂದದ್ದು ವರ್ಷಗಳಾದ ಮೇಲೆ, ಯಾವ ಕೆಲಸಕ್ಕೂ ಬಾರದ ಹೊತ್ತಿಗೆ—ಮೊದಲು ಅವನ ಮೇಲೆ, ಆಮೇಲೆ ಆ ನಗುವಿನ ಕಾಮೆಂಟುಗಳ ಮೇಲೆ, ಕೊನೆಗೆ ಈ ಹೆಬ್ಬೆರಳಿನ ಮೇಲೆ. ಪೇಜಿನ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಸತೀಶನನ್ನು ಕೇಳಬೇಕಾಗಿಯೂ ಇರಲಿಲ್ಲ. ಕಾಣೆಯೇ ಆಗದ ಹುಡುಗಿಯನ್ನು ಊರೆಲ್ಲ ಹುಡುಕುವ ಹಾಗೆ ಮಾಡಿದವನು ನಿಮ್ಮ ತಾಯಿಗಾಗಿ ಒಂದು ಸಾಲು ಹಾಕಲಿಲ್ಲ.

ಫೋಟೊದಲ್ಲಿ ನಿಮ್ಮ ನಂಬರಿದೆ. ಹತ್ತೂ ಅಂಕಿ ಸ್ಪಷ್ಟವಾಗಿ ಕಾಣುತ್ತವೆ. ಇವತ್ತಿನವರೆಗೆ ಒಂದು ಸಲವೂ ಫೋನ್ ಮಾಡಿಲ್ಲ. ಬಾಗಲೂರಿನಲ್ಲಿ ಕೂತಿದ್ದವರು ಶಂಕ್ರವ್ವನವರೋ, ಬೇರೆ ಯಾರೋ—ನಿಮ್ಮ ತಾಯಿ ಮನೆಗೆ ಬಂದರೋ ಇಲ್ಲವೋ—ನನಗೆ ಗೊತ್ತಿಲ್ಲ.